ಸೂಟಿಯ ಲೆಕ್ಕ, ಮನೆಮಂದಿಯ ಪಾಡು

ನಮ್ಮ ಜೇವರ್ಗಿ ಕಡೆ ಈ ಬೇಸಿಗೆ ಸೂಟಿಗೆ ಶಾಲೆಯ ಬಾಗಿಲು ಮುಚ್ಚಿದರೂ, ಗಣಿತದ ಟೀಚರ್ ಆದ ನನಗೆ ದಿನಾ ಒಂದಲ್ಲ ಒಂದು ಮನೆಯಿಂದ ಫಿರ್ಯಾದಿ ತಪ್ಪಲಿಲ್ಲ. ಎಲ್ಲ ನಾನೇ ಮಾಡಿಕೊಂಡದ್ದು. ಪ್ರತಿ ಜೂನ್‌ನಲ್ಲಿ ಮಕ್ಕಳು ಕಲಿತದ್ದನ್ನೆಲ್ಲ ತೊಳೆದುಕೊಂಡು ಬರುತ್ತಿದ್ದರು. ಈ ಸಲ ಮರೆಯಗೊಡುವುದಿಲ್ಲ ಎಂದು ಹಟ ತೊಟ್ಟು, ಮನೆಯಲ್ಲೇ ಆಡುತ್ತ ಮಾಡುವ ಲೆಕ್ಕ ಕೊಟ್ಟು ಕಳಿಸಿದೆ. ಅವರ ಹುಮ್ಮಸ್ಸು ಕಂಡು ನನಗೇ ಹೆದರಿಕೆಯಾಯಿತು!

ಅರ್ಧ ರೊಟ್ಟಿ

ರೊಟ್ಟಿ ಮುರಿದು ಅರ್ಧ, ಕಾಲು ಕಲಿಯಿರಿ ಎಂದಿದ್ದೆ. ಒಬ್ಬ ಹುಡುಗ ಅವ್ವನ ಕೈಯಿಂದ ಬಡಿಸುವ ಕೆಲಸವನ್ನೇ ಕಸಿದುಕೊಂಡ. ಅಜ್ಜ "ಇನ್ನೊಂದ ಅರ್ಧ ಹಾಕಪಾ" ಅಂದರು.

"ಮೊದಲ ಹೇಳು, ಅರ್ಧಕ್ಕ ಎಷ್ಟು ಕಾಲು?"

ಆಸೆಗೆ ಬಿದ್ದ ಅಜ್ಜ "ಮೂರು" ಅಂದರು. ತಪ್ಪು! ರೊಟ್ಟಿ ವಾಪಸ್ ಬುಟ್ಟಿಗೆ.

ಮಧ್ಯಾಹ್ನವೇ ಅಜ್ಜನ ಫೋನು: "ಟೀಚರ್ರ, ಸಾಲಿ ಲಗೂನ ಚಾಲೂ ಮಾಡ್ರಿ. ನಾ ಹಸದು ಕುಂತೇನಿ."

ದಾದಿಯ ಮಗ್ಗಿ

ದಿನಕ್ಕೊಂದು ಮಗ್ಗಿ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಬೇಕಿತ್ತು. ಉರ್ದು ಮಾತಾಡುವ ಮನೆಯ ಹುಡುಗಿಯೊಬ್ಬಳು ತಪ್ಪದೆ ಕಳಿಸುತ್ತಿದ್ದಳು. ಒಂದು ದಿನ ಅವಳ ಬದಲು ಅವಳ ದಾದಿಯ, ಅಂದರೆ ಅಜ್ಜಿಯ, ದನಿ ಬಂತು: "ಟೀಚರಮ್ಮಾ, ಪೋರಿ ಖಾಲಾ ಅಂದ್ರ ಚಿಕ್ಕವ್ವನ ಮನಿಗಿ ಹೋಗ್ಯಾಳ. ಎಂಟರ ಮಗ್ಗಿ ನಾ ಹೇಳ್ತೇನಿ, ಕೇಳ್ರಿ." ಪೂರಾ ಹೇಳಿದರು. ನನಗೆ ಖುಷಿಯಾಗಿ "ಶಾಬಾಶ್" ಎಂದು ಕಳಿಸಿದೆ.

ಮರುದಿನ, ಮನೆಗೆ ಮರಳಿದ ಹುಡುಗಿ ನೆರೆಮನೆಯ ಫೋನಿನಿಂದ ಅತ್ತಳು: "ಟೀಚರ್, ದಾದಿ ಫೋನೇ ಕೊಡವಲ್ಲಳ್ರೀ! ಒಂಬತ್ತರದೂ ತಾನೇ ಹೇಳ್ತಾಳಂತ!"

ಅಳಿಯಂದಿರ ನೆರಳು

ನಮ್ಮ ಓಣಿಯ ಒಬ್ಬ ಹುಡುಗಿ ಕಳೆಯುವ ಲೆಕ್ಕ ಎಂದರೆ ಓಟ ಕೀಳುತ್ತಿದ್ದಳು. ಅವಳಿಗೆಂದೇ, ಗಂಟೆಗೊಮ್ಮೆ ಕಂಬದ ನೆರಳು ಅಳೆದು, ಎಷ್ಟು ಕಮ್ಮಿಯಾಯಿತು ಹೇಳು ಎಂದಿದ್ದೆ. ಮನೆಗೆ ಬಂದಿದ್ದ ಅಕ್ಕನ ಗಂಡ, ಹೊಸ ಅಳಿಯ, ಅವಳಿಗೆ ಕಂಬಕ್ಕಿಂತ ಚಂದ ಕಂಡರು. ಆ ಉರಿಬಿಸಿಲಲ್ಲಿ ಅಂಗಳದಲ್ಲಿ ನಿಲ್ಲಿಸಿಬಿಟ್ಟಳು. "ಮಾಮಾ, ಅಲ್ಲಾಡಬ್ಯಾಡ್ರಿ, ಮಾತಾಡಬ್ಯಾಡ್ರಿ!"

ನೋಡಿದ ಓಣಿಯವರು ಅಳಿಯ ಮುನಿಸಿಕೊಂಡು ಹೊರಗೆ ನಿಂತಿದ್ದಾನೆ ಎಂದು ಗುಲ್ಲೆಬ್ಬಿಸಿದರು. ಗದ್ದಲ ಕೇಳಿ ನಾನೂ ಓಡಿದೆ. ಹಿರಿಯರು ಸಮಾಧಾನಕ್ಕೆ ಬಂದಾಗಿತ್ತು. ಏನು ಕೇಳಿದರೂ ಅಳಿಯ ತುಟಿ ಬಿಚ್ಚಲೊಲ್ಲರು. ಬೆವರಿ ನೀರಾದ ಮಾವ, ಹುಡುಗಿಯ ಅಪ್ಪ, ಕೈಮುಗಿದರು: "ಅಳಿಯಂದ್ರ, ಬೈಕ್ ಬೇಕೇನ್ರಿ? ಕೊಡಸ್ತೇನಿ! ಒಳಗ ಬರ್ರಿ!"

"ಅಪ್ಪಾ, ಆಚಿಗಿ ಸರಿ! ನಿನ್ನ ನೆರಳು ಬೀಳಾಕತ್ತದ!" ಮಗಳು ಚೀರಿದಳು. ನೆಲಕ್ಕೆ ಬಗ್ಗಿ ಗೇಣು ಹಾಕಿದಳು. "ಆಗ ಐದು ಗೇಣು, ಈಗ ಮೂರು. ಐದರಾಗ ಮೂರು ಹೋದ್ರ ಎರಡು! ಟೀಚರ್, ಎರಡು ಗೇಣು ಕಮ್ಮಿ ಆಗ್ಯಾದ!"

ನನಗಂತೂ ಹಿಗ್ಗು ತಡೆಯಲಾಗಲಿಲ್ಲ, ನಡುವಂಗಳದಲ್ಲೇ ಅವಳನ್ನು ತಬ್ಬಿಕೊಂಡೆ. ಇದು ಬರೀ ಲೆಕ್ಕ ಎಂದು ತಿಳಿಸಿ ಹೇಳಿದ ಮೇಲೆ ಹಿರಿಯರೆಲ್ಲ ನಕ್ಕರು, ಮಾವನಿಗೆ ಹೋದ ಜೀವ ಬಂತು.

ಬೈಕಿನ ಮಾತು ಕೇಳಿದ್ದ ಅಳಿಯಂದಿರು ಮಾತ್ರ ನಿಂತಲ್ಲಿಂದ ಕದಲಲಿಲ್ಲ. ಮೆಲ್ಲಗೆ ನಾದಿನಿಯ ಕಿವಿಗೆ ಬಗ್ಗಿದರು:

"ನಾಳಿಗಿ ಎಷ್ಟು ಗಂಟಿಗಿ ನಿಂದರ್ಲಿ ಬೇ?"