ಕರಿ ಸ್ಕರ್ಟಿಗೆ ಕೆಂಪು ದಡಿ

ನನಗೆ ಸಿಟ್ಟೇ ಬರುವುದಿಲ್ಲವೆಂದು ನಮ್ಮ ಓಣಿಯವರೆಲ್ಲ ನಂಬಿದ್ದಾರೆ. ಕಾನ್ವೆಂಟಿನಲ್ಲಿ ಕಲಿತವಳು, ಮೆಲ್ಲಗೆ ಮಾತಾಡುತ್ತೇನೆ, ಅಷ್ಟೇ ಕಾರಣ. ಮೆಲ್ಲಗೆ ಮಾತಾಡುವವರ ಸಿಟ್ಟು ಕುಕ್ಕರಿನಂತೆ ಒಳಗೇ ಕುದಿಯುತ್ತದೆ, ಸೀಟಿ ಮಾತ್ರ ಹೊಡೆಯುವುದಿಲ್ಲ. ಹೋದ ವಾರ ಹೊಡೆಯಿತು.

ಮಗಳು ಪಲ್ಲವಿಗೆ ಹುಬ್ಬಳ್ಳಿಯ ಹೋಟೆಲೊಂದರ ರಿಸೆಪ್ಶನ್ನಿನಲ್ಲಿ ಕೆಲಸ ಸಿಕ್ಕಿತು. ಬಿಳಿ ಶರ್ಟು, ಕರಿ ಸ್ಕರ್ಟು ತೊಟ್ಟು ಸೋಮವಾರ ಹಾಜರಾಗಬೇಕು. ಸ್ಕರ್ಟಿನ ಉದ್ದದ ವಿಷಯದಲ್ಲಿ ನನ್ನದೊಂದು ಸಿದ್ಧಾಂತವಿದೆ. ಕಾಲು ಎಲ್ಲಿ ಸಪೂರವಾಗುತ್ತದೋ ಬಟ್ಟೆ ಅಲ್ಲಿ ನಿಲ್ಲಬೇಕು: ಮೊಣಕಾಲ ಚಿಪ್ಪು ಮುಚ್ಚಿದ ಕೂಡಲೇ, ಇಲ್ಲವೇ ಪೂರ್ತಿ ಪಾದದ ಗಂಟಿನ ತನಕ. ನಡುವೆ ಮೀನಖಂಡದ ದಪ್ಪದಲ್ಲಿ ನಿಂತಿತೋ, ಎಂಥ ಚೆಂದದ ಹುಡುಗಿಯೂ ಎರಡು ರುಬ್ಬುಗುಂಡಿನ ಮೇಲೆ ನಿಂತಂತೆ ಕಾಣುತ್ತಾಳೆ. ನಿಂತು ಅಳೆದರೆ ಸಾಲದು, ಕುರ್ಚಿಯಲ್ಲಿ ಕೂತೂ ಅಳೆಯಬೇಕು; ಕೂತಾಗ ಬಟ್ಟೆ ಮೇಲೇರುತ್ತದೆ. ಈ ಸಿದ್ಧಾಂತ ಹುಟ್ಟಿದ್ದೂ ಸಿಟ್ಟಿನಿಂದಲೇ. ನಮ್ಮ ಕಾನ್ವೆಂಟಿನಲ್ಲಿ ಹುಡುಗಿಯರನ್ನು ಸಾಲಾಗಿ ಮೊಣಕಾಲೂರಿಸಿ, ಸ್ಕರ್ಟಿನ ಅಂಚು ನೆಲಕ್ಕೆ ತಾಗದವರನ್ನು ಮನೆಗೆ ಅಟ್ಟುತ್ತಿದ್ದರು. ಚೆಂದ ಕಾಣುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಮಗಳಿಗೆ ಹಾಗಾಗಬಾರದೆಂದು ಬೆಟಗೇರಿಯ ದರ್ಜಿ ಈರಪ್ಪನ ಅಂಗಡಿಯಲ್ಲಿ ನಾನೇ ನಿಂತು ಗುರುತು ಹಾಕಿಸಿದೆ.

ಶನಿವಾರ ಸಂಜೆ ಅಂಗಡಿಯಿಂದ ಬಂದ ಪೊಟ್ಟಣ ಬಿಚ್ಚಿ ನೋಡಿದರೆ ಸ್ಕರ್ಟಿನ ಕೆಳಗೆ ಅಂಗೈ ಅಗಲದ ಕೆಂಪು ದಡಿ! ಸೀರೆಯಂಚಿನ ದಡಿ! ಅದೂ ಸರಿಯಾಗಿ ಮೀನಖಂಡದ ಮೇಲೆ ಬಂದು ಕೂತಿದೆ. ಪಲ್ಲವಿ ಕನ್ನಡಿಯ ಮುಂದೆ ಅಳುಮೋರೆ ಮಾಡಿದಳು. “ಮಮ್ಮಿ, ಇದನ್ನ ಹಾಕ್ಕೊಂಡು ನಿಂತ್ರ ರೂಮ್ ಕೇಳಾಕ ಬಂದವ್ರು ಆರತಿ ತಾಟು ಎಲ್ಲೈತಿ ಅಂತಾರ. ಮೊದಲ್ನೇ ದಿನಾನ ಮನಿಗೆ ಕಳಸ್ತಾರ ನನ್ನ.”

ಈರಪ್ಪನಲ್ಲಿಗೆ ಓಡಿದೆ. ಅವನು ಹೊಲಿಗೆ ನಿಲ್ಲಿಸದೆಯೇ ಹೇಳಿದ: “ನಂದೇನೈತ್ರಿ ಅಕ್ಕಾರ? ನಿಮ್ಮ ಅತ್ತಿಯವ್ರು ಫೋನ್ ಮಾಡಿ ಹಚ್ಚು ಅಂದ್ರು, ದಡೀನೂ ಅವರ ಕಳಿಸಿದ್ರು. ಕರಿಗೆ ಕೆಂಪು ಎದ್ದು ಕಾಣ್ತೈತಲ್ರಿ?”

ನಮ್ಮ ಅತ್ತೆ ಹುಟ್ಟಿದ್ದೂ ಸೇರಿದ್ದೂ ನೇಕಾರರ ಮನೆ. ಮನೆಗೆ ಬಂದು ಕೇಳಿದರೆ ಹೂಬತ್ತಿ ಹೊಸೆಯುತ್ತಲೇ ಉತ್ತರ ಕೊಟ್ಟರು: “ದಡಿ ಇಲ್ಲದ ಬಟ್ಟಿ ಅಂದ್ರ ಬದು ಇಲ್ಲದ ಹೊಲ ಇದ್ದಂಗ. ಎಲ್ಲಿಗೆ ಮುಗೀತು ಅಂತ ಹೆಂಗ ತಿಳೀಬೇಕು?”

“ಮೊಣಕಾಲಿಗೆ ಮುಗೀತೈತ್ರಿ ಅತ್ತಿ!” ಎಂದು ಕಿರುಚಿದೆ. ಎದುರುಮನೆಯ ಕಿಟಕಿ ತೆರೆಯಿತು. ಅತ್ತೆ ತಣ್ಣಗೆ, “ಮೆಲ್ಲಕ ಮಾತಾಡು, ಕಾನ್ವೆಂಟ್ ಕಲ್ತಾಕಿ” ಎಂದರು. ಬ್ಲೇಡು ತಂದು, ಅವರ ಎದುರಿಗೇ ಕೂತು, ದಡಿಯ ಒಂದೊಂದು ಹೊಲಿಗೆಯನ್ನೂ ಪರಪರ ಹರಿದೆ. ಭಾನುವಾರವಿಡೀ ನಾನು ಮಾತಾಡಲಿಲ್ಲ. ಪಾತ್ರೆಗಳು ಮಾತಾಡಿದವು.

ಸೋಮವಾರ ಬೆಳಿಗ್ಗೆ ಪಲ್ಲವಿ ಸಿದ್ಧಳಾಗಿ ಬಂದಳು. ನಿಂತರೂ ಸರಿ, ಕೂತರೂ ಸರಿ, ಮೊಣಕಾಲು ಮುಚ್ಚಿತ್ತು, ಕಾಲು ಚೆಂದ ಕಾಣುತ್ತಿತ್ತು. ಅತ್ತೆಯೇ ಮೇಲಿಂದ ಕೆಳಗೆ ನೋಡಿ, “ಚಲೋ ಕಾಣ್ತಾಳ ಬಿಡು” ಎಂದರು. ಗೆದ್ದೆ. ಗೆದ್ದವಳು ಸುಮ್ಮನಿರಬೇಕಿತ್ತು. ನನ್ನ ಬಾಯಿ ತಾನಾಗಿ ತೆರೆಯಿತು: “ಪಲ್ಲವೀ, ಒಂದ್ಸಲ ಮೊಣಕಾಲೂರು. ನೆಲಕ್ಕ ಹತ್ತತೈತೇನ್ ನೋಡೂಣು.”

“ಮಮ್ಮೀ!” ಎಂದು ನನ್ನನ್ನೊಮ್ಮೆ ದುರುಗುಟ್ಟಿ ನೋಡಿ, ಮಗಳು ಹುಬ್ಬಳ್ಳಿಯ ರೈಲಿಗೆ ಓಡಿದಳು. ಅತ್ತೆ ಕೆಂಪು ದಡಿಯನ್ನು ಬೆರಳಿಗೆ ಸುತ್ತುತ್ತ ಕೇಳಿದರು: “ಈರಪ್ಪಗ ಮತ್ತ ಫೋನ್ ಮಾಡ್ಲೇನು?”

ಬೇಡ ಎನ್ನುವ ಮೊದಲು ನಾನೊಂದು ಕ್ಷಣ ಯೋಚಿಸಿದೆ. ಆ ಒಂದು ಕ್ಷಣಕ್ಕಾಗಿ ನನ್ನ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.