ಅನ್ಯಮತೀಯ ದುಭಾಷಿಯ ಕೈಗಳ ಕುರಿತು

ಇಂದ:
ಬೇಕರಿ ಪಕ್ಕದ ಹೊಲಿಗೆ ಅಂಗಡಿಯವನು
(ತಮ್ಮ ಧರ್ಮದವನಲ್ಲ)

ಗೆ:
ಮಾನ್ಯ ನ್ಯಾಯಾಧಿಪತಿಗಳು,
ಚರ್ಚ್ ನ್ಯಾಯಪೀಠ, ಧರ್ಮಾಧ್ಯಕ್ಷರ ಕಚೇರಿ, ಮಹಡಿಯ ಮೇಲೆ

ವಿಷಯ: ಕ್ಯಾಥೊಲಿಕ್ ಅಲ್ಲದವನು ಕ್ಯಾಥೊಲಿಕ್ಕರ ಪಾಪನಿವೇದನೆಗೆ ದುಭಾಷಿಯಾದಲ್ಲಿ, ಗುಟ್ಟು ಕಾಯುವ ಕಾನೂನು ಅವನಿಗೂ ಅನ್ವಯಿಸುತ್ತದೆಯೇ ಎಂಬ ಬಗ್ಗೆ.

ಉಲ್ಲೇಖ: ಚರ್ಚಿನ ಗೇಟಿನ ಬಳಿ ಫಾದರ್ ನೀಡಿದ ಮೌಖಿಕ ಸಲಹೆ, ಅವರ ಸ್ಕೂಟರ್ ಸ್ಟಾರ್ಟ್ ಆಗುವವರೆಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ,

೧. ನನ್ನ ಅಕ್ಕನಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಆ ಕಾರಣ, ನನಗೆ ಕೈಭಾಷೆ ಬರುತ್ತದೆ. ಪಕ್ಕದ ಬೇಕರಿಯವರಿಗೂ ಕಿವಿ ಕೇಳಿಸದು, ಅವರು ಕ್ಯಾಥೊಲಿಕ್. ಹೃದಯದ ಆಪರೇಷನ್ನಿಗೆ ಮುಂಚೆ ಅವರಿಗೆ ಪಾಪನಿವೇದನೆ ಮಾಡಬೇಕೆನಿಸಿತು. ಹೊಸ ಫಾದರ್‌ಗೆ ಕೈಭಾಷೆ ಬಾರದು. ಆದ್ದರಿಂದ ನನ್ನನ್ನು ಹೊಲಿಗೆ ಮಿಷನ್ನಿನ ಮುಂದಿನಿಂದ ಎಬ್ಬಿಸಿ ಕರೆದೊಯ್ಯಲಾಯಿತು.

೨. ದುಭಾಷಿಯಾದವನು ಇದ್ದದ್ದನ್ನು ಇದ್ದಂತೆ ಹೇಳಬೇಕು. ಆದ್ದರಿಂದ "ನಾನು ಪಾಪ ಮಾಡಿದ್ದೇನೆ ಫಾದರ್" ಎಂದು ಗಟ್ಟಿಯಾಗಿ ಹೇಳಿದವನು ನಾನೇ. ಪ್ರಾಯಶ್ಚಿತ್ತದ ಪ್ರಾರ್ಥನೆ ವಿಧಿಸುವಾಗ ಫಾದರ್ ನನ್ನ ಮುಖವನ್ನೇ ನೋಡುತ್ತಿದ್ದರು. ಸಂಶಯಕ್ಕೆ ಎಡೆ ಬೇಡವೆಂದು ಆ ಪ್ರಾರ್ಥನೆಯನ್ನು ನಾನೂ ಒಮ್ಮೆ ಹೇಳಿಬಿಟ್ಟೆ. ಹೆಚ್ಚಾಗಿದ್ದಲ್ಲಿ ಯಾರ ಹೆಸರಿಗಾದರೂ ಜಮೆ ಮಾಡಿಕೊಳ್ಳಬಹುದು.

೩. ಅವರು ಹೇಳಿದ್ದೇನೆಂದು ಇಲ್ಲಿ ಬರೆಯುತ್ತಿಲ್ಲ. ಅಂದಿನಿಂದ ನಾನು ಅವರ ಅಂಗಡಿಯ ರಸ್ಕ್ ಮುಟ್ಟುತ್ತಿಲ್ಲ. ಇವೆರಡಕ್ಕೂ ಸಂಬಂಧ ಕಲ್ಪಿಸಬಾರದೆಂದು ಕೋರಿಕೆ.

೪. ಬೀದಿಗೆಲ್ಲ ಗೊತ್ತಿರುವುದನ್ನು ಬರೆಯಲು ಅಡ್ಡಿಯಿಲ್ಲ. ವಯಸ್ಸಿನಲ್ಲಿದ್ದಾಗ ಬೇಕರಿಯವರು ಅಕ್ಕನನ್ನು ಮದುವೆಯಾಗುತ್ತೇನೆಂದು ನಮ್ಮ ಮನೆಗೆ ಎಡತಾಕುತ್ತಿದ್ದರು. ಒಂದು ದಿನ ಬಂದು, "ಬೇರೆ ಧರ್ಮದವರನ್ನ ಮಾಡ್ಕೊಳ್ಳೋಕೆ ನಮ್ಮ ಕಾನೂನು ಒಪ್ಪಲ್ಲ. ಕೇಳಿ ನೋಡಿದೆ, ಆಗಲ್ಲ ಅಂದ್ರು" ಎಂದು ಕೈಯಲ್ಲೇ ಹೇಳಿ ಹೋದರು. ಅಕ್ಕ ನಂಬಿದಳು. ಬೇರೆ ಗಂಡು ನೋಡಲು ಬಿಡಲಿಲ್ಲ. ನನ್ನ ಅಂಗಡಿಯಲ್ಲಿ ಗುಂಡಿಗೆ ಕಾಜಾ ಹಾಕುತ್ತ ಉಳಿದಳು. ಇವತ್ತಿಗೂ ಚರ್ಚ್ ಹತ್ತಿರ ಬಂದರೆ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತಾಳೆ. ಬೇಕರಿಯವರೂ ಮದುವೆಯಾಗಲಿಲ್ಲ.

೫. ಇಂಥ ಮದುವೆಗೆ ಧರ್ಮಾಧ್ಯಕ್ಷರ ವಿನಾಯಿತಿ ಬೇಕು, ಕೇಳಿದರೆ ಸಾಮಾನ್ಯವಾಗಿ ಕೊಡುತ್ತಾರೆ ಎಂದು ಫಾದರ್ ತಿಳಿಸಿರುತ್ತಾರೆ. ಬೇಕರಿಯವರು ಯಾರನ್ನೂ ಕೇಳಿಯೇ ಇರಲಿಲ್ಲ, ಅಮ್ಮನಿಗೆ ಹೆದರಿ ತಪ್ಪನ್ನು ಕಾನೂನಿನ ಮೇಲೆ ಹೊರಿಸಿದರು ಎಂದು ನಾನು ಹೇಳುತ್ತಿಲ್ಲ. ಹೇಳುತ್ತಿಲ್ಲ ಎಂಬುದನ್ನು ದಯವಿಟ್ಟು ದಾಖಲಿಸಿಕೊಳ್ಳಬೇಕು. ಅಕ್ಕನ ಮುಖ ನೋಡಿದರೆ ನನಗೆ ಸಂಕಟವಾಗುತ್ತದೆ, ಸಿಟ್ಟೂ ಬರುತ್ತದೆ.

೬. ತೊಂದರೆ ಇರುವುದು ನನ್ನ ಕೈಗಳಲ್ಲಿ. ನಿದ್ದೆಯಲ್ಲಿ ಕೈಮಾತು ಆಡುವ ಅಭ್ಯಾಸ ನನಗಿದೆ. ಮೊನ್ನೆ ಮಧ್ಯಾಹ್ನ ಕಟಿಂಗ್ ಟೇಬಲ್ ಮೇಲೆ ಕಣ್ಣು ಮುಚ್ಚಿದ್ದೇ ತಡ, ಅಕ್ಕ ಅಲುಗಾಡಿಸಿ ಎಬ್ಬಿಸಿದಳು. "ಏನೋ ಅದು? ನನ್ನ ಹೆಸರು ಬಂತು, ಬೇಕರಿ ಬಂತು, ಅಷ್ಟರಲ್ಲಿ ಮಗ್ಗುಲು ಬದಲಾಯಿಸಿಬಿಟ್ಟೆ. ಪೂರ್ತಿ ಹೇಳು!" ಎಂದು ಕೈಯಲ್ಲೇ ಗದರಿದಳು. ಅಂದಿನಿಂದ ಕೈಗಳನ್ನು ಜೇಬಿನಲ್ಲಿಟ್ಟುಕೊಂಡು ಮಲಗುತ್ತಿದ್ದೇನೆ. ಎದ್ದಾಗ ಎರಡೂ ಜೋಮು ಹಿಡಿದಿರುತ್ತವೆ. ಆ ಕಾರಣ, ಹೊಲಿಗೆ ಸೊಟ್ಟಗಾಗುತ್ತಿದೆ.

೭. ಫಾದರ್ ಅವರನ್ನು ಕೇಳಲಾಗಿ, "ನೀವು ನಮ್ಮವರಲ್ಲ. ಕಾನೂನು ನಿಮ್ಮನ್ನ ಕಟ್ಟಿಹಾಕುತ್ತೋ ಇಲ್ವೋ, ಮೇಲಿನವರನ್ನೇ ಕೇಳಿ. ಅಲ್ಲೀತನಕ ಬಾಯಿ ಬಿಡ್ಬೇಡಿ" ಎಂದರು. ಕೈಗಳ ಬಗ್ಗೆ ಏನೂ ಹೇಳಲಿಲ್ಲ. "ಹೇಳ್ಕೊಂಡವರಿಗೆ ಮಾತ್ರ ಈ ಕಟ್ಟು ಇಲ್ಲ. ಅವರ ಪಾಪ, ಯಾರಿಗೆ ಬೇಕಾದ್ರೂ ಹೇಳ್ಬಹುದು" ಎಂದು ಹೊರಟೇಬಿಟ್ಟರು.

೮. ಬೇಕರಿಯವರು ಗುಣವಾಗಿ ಬಂದು ಕೌಂಟರಿನಲ್ಲಿ ಕೂತಿದ್ದಾರೆ. ಸಾಯುತ್ತೇನೆಂದುಕೊಂಡು ಎಲ್ಲ ಹೇಳಿದವರು ಬದುಕಿಬಿಟ್ಟಿದ್ದರಿಂದ, ನನ್ನನ್ನು ಕಂಡರೆ ಓವನ್ ಕಡೆ ತಿರುಗುತ್ತಾರೆ.

ಆದ್ದರಿಂದ, ನನಗೆ ಬಿಡುಗಡೆ ಕೊಡಿ ಎಂದು ಕೇಳುತ್ತಿಲ್ಲ. ಕೊಟ್ಟರೂ ಅದು ನನ್ನಿಂದ ಬರಬೇಕಾದ ಮಾತಲ್ಲ. ಬೇಕರಿಯವರು ತಮ್ಮವರು, ತಮ್ಮ ಕಾನೂನು ಅವರಿಗೆ ಅಡಿಯಿಂದ ಮುಡಿಯವರೆಗೆ ಅನ್ವಯಿಸುತ್ತದೆ. ಅಕ್ಕನ ಎದುರು ನಿಂತು ತಾವೇ ಹೇಳುವಂತೆ ಅವರಿಗೆ ಆದೇಶಿಸಬೇಕಾಗಿ ವಿನಂತಿ. ಅವಳು ಕ್ಷಮಿಸುತ್ತಾಳೋ, ಕತ್ತರಿ ಎತ್ತುತ್ತಾಳೋ, ಅದು ತಮ್ಮ ಕಾನೂನಿನ ವ್ಯಾಪ್ತಿಗೆ ಬರುವುದಿಲ್ಲ.

ತಮ್ಮ ಧರ್ಮದವನಲ್ಲದಿದ್ದರೂ
ತಮ್ಮ ವಿಶ್ವಾಸಿ,
ಹೊಲಿಗೆ ಅಂಗಡಿಯವನು

ಲಗತ್ತುಗಳು:
೧. ಸೊಟ್ಟಗೆ ಹೊಲಿದ ಕಾಲರ್, ಸಾಕ್ಷ್ಯವಾಗಿ.
೨. ಅಕ್ಕನ ಹೇಳಿಕೆ: ಲಗತ್ತಿಸಿಲ್ಲ. ಅವಳನ್ನು ಇದುವರೆಗೆ ಯಾರೂ ಕೇಳಿಲ್ಲ.

ವಿ.ಸೂ.: ಬೇಕರಿಯವರನ್ನು ನನ್ನ ಅಂಗಡಿ ತೆರೆದಿರುವ ಹೊತ್ತಿನಲ್ಲೇ ಕಳುಹಿಸಬೇಕು. ನಾನು ಗುಂಡಿ ತರಲು ಹೊರಗೆ ಹೋಗಿರುತ್ತೇನೆ. ಅವರಿಬ್ಬರ ನಡುವೆ ದುಭಾಷಿಯ ಅಗತ್ಯವಿರುವುದಿಲ್ಲ.