ಮೂಗಿನಿಂದ ಮಾಡಿದ ಅಡುಗೆ

ಇಪ್ಪತ್ತೆರಡು ವರ್ಷ ಭೂಪಟದ ಮೇಲೆ ಕೋಲಿಟ್ಟು ದೇಶಗಳನ್ನು ತೋರಿಸಿದ ಭೂಗೋಳದ ಮೇಷ್ಟ್ರಿಗೆ, ನಲವತ್ತೆಂಟನೆಯ ವಯಸ್ಸಿನಲ್ಲಿ ಆ ದೇಶಗಳ ಪೈಕಿ ಒಂದಕ್ಕೆ ನಿಜವಾಗಿಯೂ ಹೋಗುವ ಯೋಗ ಬಂತು. ಒಂದು ವರ್ಷದ ಓದು, ವಿದ್ಯಾರ್ಥಿನಿಲಯದಲ್ಲಿ ಒಂದು ಕೋಣೆ. ಸುದ್ದಿ ಬಂದ ದಿನ ಮೇಷ್ಟ್ರು ನೆಲದಿಂದ ಎರಡು ಗೇಣು ಮೇಲೆಯೇ ಓಡಾಡುತ್ತಿದ್ದರು. ಆ ಎತ್ತರದಲ್ಲಿದ್ದಾಗಲೇ ಬಾಯಿ ಜಾರಿದ್ದು.

ಹೆಂಡತಿ ಕೇಳಿದ್ದು ಇಷ್ಟೇ: "ಅಲ್ಲಿ ಹೊಟ್ಟೆಗೇನು ಮಾಡ್ತೀರಿ? ನೀರು ಕಾಯಿಸೋಕೂ ನನ್ನನ್ನ ಕೂಗೋರು ನೀವು."

"ಅಡುಗೆ ಏನು ಬ್ರಹ್ಮವಿದ್ಯೆಯೇನೆ? ಕಲೀತೀನಿ. ನಾನು ವಾಪಸ್ ಬಂದ ದಿನದಿಂದ ನೀನು ಅಡುಗೆಮನೆ ಕಡೆ ತಲೆ ಹಾಕಿಯೂ ಮಲಗಬೇಡ."

"ಹೌದಾ?" ಎಂದಳು ಹೆಂಡತಿ.

ಪಕ್ಕದ ಕೋಣೆಯಿಂದ, ಕಿವಿ ಕೇಳಿಸುವುದಿಲ್ಲವೆಂದೇ ಹೆಸರಾದ ಮೇಷ್ಟ್ರ ತಾಯಿಯೂ "ಹೌದಾ?" ಎಂದರು. ಅಲ್ಲಿಗೆ ಸಾಕ್ಷಿಗಳು ಇಬ್ಬರಾದರು.

ಪರದೇಶದ ಮೂರನೆಯ ಬೆಳಿಗ್ಗೆ, ಮಹಡಿಯ ಎಲ್ಲರಿಗೂ ಸೇರಿದ ಅಡುಗೆಕೋಣೆಯಲ್ಲಿ ಮೇಷ್ಟ್ರು ಒಗ್ಗರಣೆಗೆಂದು ಎಣ್ಣೆ ಇಟ್ಟರು. ಅದು ಕಾಯುವವರೆಗೆ ಕಿಟಕಿಯ ಹತ್ತಿರ ನಿಂತು ಮೋಡ ನೋಡಿದರು. (ಮೋಡಗಳನ್ನು ಅವರು ಹೆಸರು ಹಿಡಿದು ಗುರುತಿಸಬಲ್ಲರು, ಸೌಟಿಗೂ ಜಾಲರಿಗೂ ಇರುವ ವ್ಯತ್ಯಾಸ ಮಾತ್ರ ತಿಳಿಯದು.) ಅಷ್ಟು ಬೆಳ್ಳಗಿನ, ಅಷ್ಟು ನಿಧಾನದ ಮೋಡವನ್ನು ಅವರು ಪುಸ್ತಕದಲ್ಲಷ್ಟೇ ಕಂಡಿದ್ದರು. ನೋಡುತ್ತಿದ್ದಂತೆ ಬೆನ್ನ ಹಿಂದಿನಿಂದ ಇನ್ನೊಂದು ಮೋಡ ಬಂತು. ಅದು ಬಾಣಲೆಯದು. ಮರುಕ್ಷಣ ಕಟ್ಟಡವೆಲ್ಲ ಕಿರುಚಿಕೊಂಡಿತು. ಬೆಂಕಿಯ ಗಂಟೆ ಹೊಡೆದರೆ ಎಲ್ಲರೂ ರಸ್ತೆಗೆ ಇಳಿಯಬೇಕೆಂಬುದು ಅಲ್ಲಿಯ ನಿಯಮ. ಇನ್ನೂರು ಜನ ಒದ್ದೆ ತಲೆ, ಬಾಯಲ್ಲಿ ಬ್ರಷ್ಷು, ಒಂದೇ ಕಾಲಿಗೆ ಚಪ್ಪಲಿ ಹೀಗೆ ಅರ್ಧ ಗಂಟೆ ಚಳಿಯಲ್ಲಿ ನಿಂತು, ಕೈಯಲ್ಲಿ ಸಾಸಿವೆ ಡಬ್ಬಿ ಹಿಡಿದಿದ್ದ ಮೇಷ್ಟ್ರನ್ನು ನೋಡಿದರು. ಅವರು ಡಬ್ಬಿಯನ್ನು ಅಂದೇ ಪೆಟ್ಟಿಗೆಯ ತಳಕ್ಕೆ ಸೇರಿಸಿದರು. ಆಮೇಲೆ ವರ್ಷವಿಡೀ ಒಲೆ ಹಚ್ಚಲಿಲ್ಲ.

ಉಳಿದದ್ದು ಬ್ರೆಡ್ಡು. ರಸ್ತೆಯ ತುದಿಯ ಅಂಗಡಿಯಲ್ಲಿ ಹನ್ನೊಂದು ಬಗೆಯ ಬ್ರೆಡ್ಡು ಇದ್ದವು. ತಲೆಗೆ ಹೊಡೆದರೆ ಪೊಲೀಸರು ಬರುವಂಥ ಕಪ್ಪು ಬ್ರೆಡ್ಡು, ಒತ್ತಿದರೆ ಒಣಗಿದ ಎಲೆಯ ಸದ್ದು ಮಾಡುವ ಉದ್ದ ಬ್ರೆಡ್ಡು, ಹುಳಿ ಬ್ರೆಡ್ಡು, ಕಾಳು ಹಾಕಿದ್ದು. ಮೇಷ್ಟ್ರು ಒಂದೊಂದನ್ನೂ ಒಂದೊಂದು ಖಂಡ ಕಂಡುಹಿಡಿದವರ ಗತ್ತಿನಲ್ಲಿ ಕೋಣೆಗೆ ತಂದರು. ಎರಡು ವಾರದಲ್ಲಿ ಖಂಡಗಳು ಮುಗಿದವು. ಬರೀ ಬ್ರೆಡ್ಡು ಗಂಟಲಲ್ಲಿ ಇಳಿಯದಾಯಿತು. ಮನೆಯ ಬಿಸಿ ಅನ್ನ, ಸಾರು ಕನಸಿನಲ್ಲಿ ಬರತೊಡಗಿದವು. ಇಪ್ಪತ್ತೆರಡು ವರ್ಷ ಪೇಪರ್ ಓದುತ್ತಾ ಆ ಸಾರನ್ನು ಉಂಡೆನಲ್ಲ, ಒಂದು ದಿನವಾದರೂ ಚೆನ್ನಾಗಿದೆ ಕಣೆ ಅನ್ನಲಿಲ್ಲವಲ್ಲ ಎಂದು ಅವರಿಗೆ ನಿಜಕ್ಕೂ ಅಳು ಬಂತು.

ಆಗ ಕೈ ಹಿಡಿದದ್ದು ಸೇತುವೆ ಹುಡುಗಿ. ಸೇತುವೆ ಕಟ್ಟುವುದನ್ನು ಓದಲು ಮತ್ಯಾವುದೋ ದೇಶದಿಂದ ಬಂದಿದ್ದ ಆಕೆ ದಿನವೂ ಸಂಜೆ ಆರಕ್ಕೆ ಅಡುಗೆಕೋಣೆಗೆ ಬರುತ್ತಿದ್ದಳು. ಅಡುಗೆಕೋಣೆ ಮೇಷ್ಟ್ರ ಕೋಣೆಯ ಎದುರಿಗೇ ಇತ್ತು. ಅವರು ಬಾಗಿಲನ್ನು ನಾಲ್ಕು ಬೆರಳು ತೆರೆದು, ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ಪುಸ್ತಕ, ಕೈಯಲ್ಲಿ ಬ್ರೆಡ್ಡು ಇಟ್ಟುಕೊಂಡು ಕಣ್ಣು ಮುಚ್ಚಿ ಕೂರುತ್ತಿದ್ದರು. ಮೊದಲು ಈರುಳ್ಳಿಯ ವಾಸನೆ ಬರುತ್ತಿತ್ತು. ಅದು ಹೊಂಬಣ್ಣಕ್ಕೆ ತಿರುಗಿದ್ದು ಮೂಗಿಗೇ ಕಾಣುತ್ತಿತ್ತು. ಆಮೇಲೆ ಬೆಳ್ಳುಳ್ಳಿ, ಬೆಣ್ಣೆ, ಹೆಸರು ತಿಳಿಯದ ಯಾವುದೋ ಸೊಪ್ಪು. ಕಿಟಕಿಯಾಚೆ ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತಿದ್ದವು, ಮೇಷ್ಟ್ರು ವಾಸನೆಯನ್ನು ನಂಜಿಕೊಂಡು ಬ್ರೆಡ್ಡು ತಿನ್ನುತ್ತಿದ್ದರು. ಇಂಥ ಊಟವನ್ನು ಮಹಾರಾಜರೂ ಉಂಡಿರಲಾರರು. ಪಾತ್ರೆ ತೊಳೆಯುವ ಗೋಜೂ ಇರಲಿಲ್ಲ.

ಭಾನುವಾರ ಹೆಂಡತಿಯ ಫೋನು.

"ಈ ವಾರ ಏನೇನು ಮಾಡ್ಕೊಂಡ್ರಿ?"

ಸುಳ್ಳು ಹೇಳಬೇಕೆಂದು ಮೇಷ್ಟ್ರಿಗೆ ಇರಲಿಲ್ಲ. ಆದರೆ ಕಣ್ಣು ಮುಚ್ಚಿದ ಕೂಡಲೇ ಮಾತು ತಾನಾಗಿ ಹರಿಯಿತು. "ಈರುಳ್ಳೀನ ಸಣ್ಣಗೆ ಹೆಚ್ಚಿ ಬೆಣ್ಣೇಲಿ ಬಿಡ್ಬೇಕು ಕಣೆ. ಅವಸರ ಮಾಡಬಾರದು. ಅದು ಮೆತ್ತಗಾಗುತ್ತೆ, ಆಮೇಲೆ ಸಂಜೆ ಬಿಸಿಲಿನ ಬಣ್ಣ ಬರುತ್ತೆ. ಆಗ ಮನೆಯೆಲ್ಲ ಒಂಥರಾ ಸಮಾಧಾನ..."

ಆ ಕಡೆ ಸದ್ದಿಲ್ಲ. "ಲೈನಲ್ಲಿ ಇದೀಯೇನೆ?"

"ಇದೀನಿ. ಹೇಳಿ. ಬೆಣ್ಣೆ ಎಷ್ಟು?"

ಆ ಮೌನದಲ್ಲಿ ಮೇಷ್ಟ್ರಿಗೆ ಪ್ರೇಮ ಕೇಳಿಸಿತು. ಮದುವೆಯಾದ ಹೊಸತರಲ್ಲೂ ಆಕೆ ಅವರ ಮಾತನ್ನು ಇಷ್ಟು ಗಮನವಿಟ್ಟು ಕೇಳಿದವಳಲ್ಲ. ಹೀಗಾಗಿ ವಾರವಾರವೂ ಅಡುಗೆ ಬೆಳೆಯಿತು. ವಾಸನೆ ನಿಂತಲ್ಲಿಂದ ಮೇಷ್ಟ್ರ ಕಲ್ಪನೆ ಸೌಟು ಹಿಡಿಯುತ್ತಿತ್ತು.

ಒಂದು ಶನಿವಾರವಂತೂ ಎಂದೂ ಬಾರದ ಪರಿಮಳ ಬಂತು. ನಿಂಬೆ ಸಿಪ್ಪೆ ನಿಧಾನವಾಗಿ ಕುದಿಯುವ, ತಣ್ಣಗೂ ಬೆಚ್ಚಗೂ ಇರುವ ಏನೋ ಒಂದು. ಮೇಷ್ಟ್ರು ಅಂದು ಬ್ರೆಡ್ಡು ತಿನ್ನುವುದನ್ನೇ ಮರೆತರು. ಮರುದಿನ ಫೋನಿನಲ್ಲಿ ಇಪ್ಪತ್ತು ನಿಮಿಷ ಅದರದೇ ವರ್ಣನೆ. "ಪಾಯಸ ಅಂತಾನೇ ಅನ್ಕೊ. ಆದ್ರೆ ಪಾಯಸಕ್ಕೆ ರೆಕ್ಕೆ ಬಂದ ಹಾಗೆ."

ಆ ಸಂಜೆ ಸೇತುವೆ ಹುಡುಗಿ ಬಾಗಿಲು ತಳ್ಳಿದಳು. ಕಣ್ಣು ಮುಚ್ಚಿ ಮೂಗೆತ್ತಿ ಕುಳಿತಿದ್ದ ಮೇಷ್ಟ್ರು ಸಿಕ್ಕಿಬಿದ್ದರು.

"ಮೇಷ್ಟ್ರೇ, ಹುಷಾರಿಲ್ವಾ?"

"ಇಲ್ಲಮ್ಮ, ಧ್ಯಾನ. ಅಂದ ಹಾಗೆ ನಿನ್ನೆ ಮಾಡಿದ್ದೆಯಲ್ಲ, ನಿಂಬೆ ಸಿಪ್ಪೆಯದು. ಅದೇನು?"

ಹುಡುಗಿ ಯೋಚಿಸಿದಳು. ಆಮೇಲೆ ಬಿದ್ದು ಬಿದ್ದು ನಕ್ಕಳು. "ಅದಾ? ಅಡುಗೆಕೋಣೆಯ ಒರೆಸೋ ಬಟ್ಟೆ ನಾರ್ತಾ ಇತ್ತು. ಸೋಪು, ನಿಂಬೆ ಸಿಪ್ಪೆ ಹಾಕಿ ಕುದಿಸ್ದೆ. ಯಾಕೆ?"

"ಸುಮ್ಮನೆ," ಎಂದರು ಮೇಷ್ಟ್ರು.

ಮುಂದಿನ ಭಾನುವಾರ ನಿಜ ಹೇಳಿಬಿಡಬೇಕೆಂದು ನಿರ್ಧರಿಸಿಯೇ ಫೋನು ಎತ್ತಿದರು. ಹೆಂಡತಿಯೇ ಮೊದಲು ಮಾತಾಡಿದಳು. "ರೀ, ಆ ನಿಂಬೆ ಸಿಪ್ಪೆಯದು ಇನ್ನೊಂದ್ಸಲ ಹೇಳಿ. ಅತ್ತೆಗೂ ಕೇಳ್ಬೇಕಂತೆ." ಆ ಧ್ವನಿಯ ಆಸೆಯನ್ನು ಕೇಳಿ ಮೇಷ್ಟ್ರ ಧೈರ್ಯ ಕರಗಿತು. ಅದಕ್ಕೆ ಹಾಲು, ಬೆಲ್ಲ, ದ್ರಾಕ್ಷಿ ಸೇರಿಸಿದರು. ಸೋಪನ್ನು ಮಾತ್ರ ಬಿಟ್ಟರು.

ವರ್ಷ ಮುಗಿಯಿತು. ಹಿಂದಿರುಗುವ ದಾರಿಯುದ್ದಕ್ಕೂ ಮೇಷ್ಟ್ರ ಕಣ್ಣ ಮುಂದೆ ಇದ್ದದ್ದು ಒಂದೇ ತಟ್ಟೆ, ಒಂದೇ ಬಿಸಿ ಅನ್ನ, ಒಂದೇ ಸಾರು. ಈ ಸಲ ಪೇಪರ್ ಮುಟ್ಟುವುದಿಲ್ಲ, ಚೆನ್ನಾಗಿದೆ ಕಣೆ ಎಂದು ಮೊದಲ ತುತ್ತಿಗೇ ಹೇಳಿಬಿಡುತ್ತೇನೆ ಎಂದು ಬಾಯಿಪಾಠ ಮಾಡಿಕೊಂಡರು.

ಮಧ್ಯಾಹ್ನ ಮನೆಯ ಬಾಗಿಲಲ್ಲಿ ನಿಂತು ಅಭ್ಯಾಸಬಲದಿಂದ ಮೂಗೆತ್ತಿದರು. ಏನೂ ಬರಲಿಲ್ಲ. ಒಲೆ ತಣ್ಣಗಿತ್ತು. ನಡುಮನೆಯಲ್ಲಿ ಒಂದು ಸೂಟ್‌ಕೇಸು ಇತ್ತು. ಅದು ಅವರದಲ್ಲ.

"ಮದುವೆಗೆ ಅಂತ ಅರ್ಧಕ್ಕೆ ಬಿಟ್ಟ ಡಿಗ್ರಿ ಇತ್ತಲ್ಲ," ಎಂದಳು ಹೆಂಡತಿ, ಹೊಸ ಸೀರೆಯ ಸೆರಗು ಸರಿಮಾಡಿಕೊಳ್ಳುತ್ತಾ. "ಸೀಟು ಸಿಕ್ತು. ಹಾಸ್ಟೆಲ್ಲೂ ಸಿಕ್ತು. ನಾಲ್ಕು ಗಂಟೆ ಬಸ್ಸು. ಎರಡು ವರ್ಷ, ಹೀಗೆ ಬರುತ್ತೆ ಹಾಗೆ ಹೋಗುತ್ತೆ."

"ಮತ್ತೆ... ಅಡುಗೆ?"

ಹೆಂಡತಿ ಇನ್ನೂರು ಪುಟದ ನೋಟ್‌ಬುಕ್ಕೊಂದನ್ನು ಅವರ ಕೈಯಲ್ಲಿಟ್ಟಳು. ಐವತ್ತು ಭಾನುವಾರ, ಐವತ್ತು ಅಡುಗೆ, ದುಂಡಗಿನ ಅಕ್ಷರದಲ್ಲಿ. ಮೇಷ್ಟ್ರು ಪ್ರೇಮವೆಂದುಕೊಂಡಿದ್ದ ಮೌನವೆಲ್ಲ ಅಲ್ಲಿ ಶಾಯಿಯಾಗಿತ್ತು.

"ನಾನು ಇಷ್ಟು ವರ್ಷ ಅಡುಗೇನ ಕೆಲಸ ಅನ್ಕೊಂಡಿದ್ದೆ ಕಣ್ರೀ. ನೀವು ಹೇಳೋದು ಕೇಳಿದ್ಮೇಲೇನೇ ಅದರಲ್ಲಿ ಎಷ್ಟು ಸುಖ ಇದೆ ಅಂತ ಗೊತ್ತಾಗಿದ್ದು. ಆ ಸುಖಾನ ನಿಮ್ಮಿಂದ ಕಿತ್ಕೊಳ್ಳೋಕೆ ನನಗೆ ಮನಸ್ಸಿಲ್ಲ."

"ಅದು ಹಾಗಲ್ಲ ಕಣೆ, ನಿಜ ಹೇಳ್ಬೇಕು ಅಂದ್ರೆ..."

"ಇವತ್ತಿಗೆ ಹನ್ನೊಂದನೇ ಪುಟ," ಎಂದರು ತಾಯಿ. ಅವರು ಆಗಲೇ ತಟ್ಟೆ ಹಾಕಿಕೊಂಡು, ಹಲ್ಲಿನ ಸೆಟ್ಟನ್ನೂ ಹಾಕಿಕೊಂಡು ಕುಳಿತಿದ್ದರು. ಹನ್ನೊಂದನೆಯ ಪುಟದಲ್ಲಿ ನಿಂಬೆ ಸಿಪ್ಪೆಯದು ಇತ್ತು. ಕೆಳಗೆ ಎರಡು ಗೆರೆ ಎಳೆದಿತ್ತು.

ಮೇಷ್ಟ್ರು ಹೆಂಡತಿಯ ಮುಖ ನೋಡಿದರು. ಆ ಮುಖದಲ್ಲಿ ಇಪ್ಪತ್ತಮೂರು ವರ್ಷ ಹಿಂದಿನ ಹುಡುಗಿಯೊಬ್ಬಳು ಕಾಲೇಜಿಗೆ ಹೊರಟು ನಿಂತಿದ್ದಳು. ನಿಜ ಹೇಳಿದರೆ ಅವಳು ಸೂಟ್‌ಕೇಸು ಬಿಚ್ಚಿಯಾಳೆಂದು ಅವರಿಗೆ ಭಯವಾಯಿತು. ಬಾಯಿ ಮುಚ್ಚಿಕೊಂಡು ಒಲೆ ಹಚ್ಚಿದರು. ಕಿಟಕಿಯ ಕಡೆ ಒಮ್ಮೆಯೂ ನೋಡಲಿಲ್ಲ. ಸಿಪ್ಪೆ ಕುದಿಯಿತು, ಬೆಲ್ಲ ಬಿತ್ತು, ಹಾಲು ಬಿದ್ದ ಕೂಡಲೇ ಚೂರುಚೂರಾಗಿ ಒಡೆಯಿತು. ಪರಿಮಳ ಮಾತ್ರ ಅದೇ. ಮೇಷ್ಟ್ರಿಗೆ ಕ್ಷಣಕಾಲ ಆ ದೂರದ ಸಂಜೆ, ಆ ದೀಪಗಳು ಕಣ್ಣಿಗೆ ಕಟ್ಟಿದವು.

ತಾಯಿ ಒಂದು ಚಮಚ ಬಾಯಿಗಿಟ್ಟರು. ಅಗಿದರು.

"ಏನೋ ಇದು, ಪಾತ್ರೆ ಒರೆಸೋ ಬಟ್ಟೆ ಹಿಂಡಿದ ಹಾಗಿದೆ?"

ಮೇಷ್ಟ್ರು ಇನ್ನೊಂದು ಚಮಚ ಬಡಿಸಿದರು. ಜೀವನದಲ್ಲಿ ಅವರು ಮಾಡಿದ ಮೊದಲ ಅಡುಗೆ ಅದು, ಒಂದಿಷ್ಟೂ ತಪ್ಪದೆ ಬಂದಿತ್ತು.